ಬಾಬಯ್ಯನನ್ನು ಹೊರುವವರು

ಪಟ್ಟಣದವರು ಮೊಹರಂ ಎನ್ನುವುದನ್ನು ನಮ್ಮೂರಿನವರು ಬಾಬಯ್ಯನ ಹಬ್ಬ ಎನ್ನುತ್ತಿದ್ದರು. ವಕ್ಕಲೇರಿ ಕಡೆಯ ಆ ಊರಿನಲ್ಲಿ ಮುಸ್ಲಿಮರ ಮನೆ ಇದ್ದದ್ದೇ ಮೂರು. ಬಾಬಯ್ಯನಿಗೆಂದು ಸಕ್ಕರೆ ಓದಿಸಲು ತಂದವರಿಗೆ ಅದರ ಮೇಲೆ ಫಾತೆಹಾ ಪ್ರಾರ್ಥನೆ ಓದಿಕೊಡುವುದು ನಮ್ಮ ಅಬ್ಬಾನ ಕೆಲಸ. ಬಾಬಯ್ಯನ ಪಂಜಾ, ಅಂದರೆ ಕೋಲಿನ ತುದಿಗೆ ಕೂರಿಸಿದ ಹಿತ್ತಾಳೆಯ ಹಸ್ತ, ಅದನ್ನು ಹೊರುವುದು ಮಾತ್ರ ಎದುರು ಬೀದಿಯ ಒಕ್ಕಲಿಗರ ಮನೆಯವರದು. ಮಕ್ಕಳು ಉಳಿಯಲೆಂದು ಆ ಮನೆಯ ಯಾರೋ ಹಿರಿಯರು ಹರಕೆ ಹೊತ್ತಿದ್ದರಂತೆ. ನನ್ನ ಕಾಲಕ್ಕೆ ಪಂಜಾ ಹೊರುತ್ತಿದ್ದ ಯಜಮಾನರನ್ನು ನಾನು ತಾತ ಎಂದೇ ಕರೆಯುತ್ತಿದ್ದೆ. ಹಬ್ಬದ ಹತ್ತು ದಿನ ಅವರ ಮನೆಯಲ್ಲಿ ಮಾಂಸ ಬೇಯುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಬೇಯುತ್ತಿತ್ತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ, ನಾನು ಕೋಲಾರದಲ್ಲಿ ಬಿ.ಎ. ಓದುತ್ತಿದ್ದಾಗ, ಹಬ್ಬಕ್ಕೆ ಮುಂಚೆ ನಮ್ಮೂರ ಶಾಲೆಯಲ್ಲಿ ಪೊಲೀಸರು ಶಾಂತಿಸಭೆ ಕರೆದರು. ಎಲ್ಲೋ ದೂರದಲ್ಲಿ ಗಲಾಟೆಯಾಗಿ ಟಿವಿಯಲ್ಲೆಲ್ಲ ಅದೇ ಸುದ್ದಿ. ನಾನು ಹೆಂಗಸರ ಜೊತೆ ಕಿಟಕಿಯ ಹೊರಗೆ ನಿಂತಿದ್ದೆ. ಒಳಗೆ ಎರಡು ಸಾಲು ಬೆಂಚು ಹಾಕಿ, ಮುಸ್ಲಿಂ ಮುಖಂಡರು ಈ ಕಡೆ, ಹಿಂದೂ ಮುಖಂಡರು ಆ ಕಡೆ ಎಂದರು. ತಾತ ಸೀದಾ ಬಂದು ಅಬ್ಬಾನ ಪಕ್ಕ ಕೂತರು. ಹಬ್ಬ ಮಾಡುವವರ ಸಾಲು ಅದೇ ತಾನೆ ಎಂದು ಅವರ ಲೆಕ್ಕ.

ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ತಾತನ ಹೆಸರು ಕೇಳಿ, "ಯಜಮಾನ್ರೇ, ನೀವು ಆ ಕಡೆ ಹೋಗಿ" ಎಂದರು.

"ಯಾಕ್ ಸ್ವಾಮಿ? ಬಾಬಯ್ಯನ್ನ ಹೊರೋನು ನಾನೇ."

"ಇರ್ಲಿ. ಆ ಕಡೆ ಕೂತ್ಕೊಳ್ಳಿ."

ಜನ ನಕ್ಕರು. ತಾತನೂ ನಗುತ್ತಲೇ ಎದ್ದುಹೋದರು. ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ, ಅಬ್ಬಾನಿಗೇ ಮೊದಲು ಟೀ ಕೊಡಿಸಿದರು. ಆಮೇಲೆ ಮೆತ್ತಗೆ, "ನಿಮ್ಮ ಕಡೆಯಿಂದ ಏನೂ ಆಗ್ಬಾರ್ದು ನೋಡಿ" ಎಂದರು. ಮೂರು ಮನೆಯ ನಾವು, ಅದರಲ್ಲೂ ಒಂದರಲ್ಲಿ ಕಣ್ಣು ಕಾಣದ ಮುದುಕಿ ಒಬ್ಬಳೇ, ಏನು ಮಾಡಿಬಿಡುತ್ತಿದ್ದೆವೋ! ನನಗೆ ಮೈಯೆಲ್ಲ ಉರಿದುಹೋಯಿತು. ಅಬ್ಬಾ, "ಆಗ್ಲಿ ಸಾರ್" ಎಂದರು.

ಮನೆಗೆ ಬಂದು ಅಬ್ಬಾನ ಮೇಲೆ ಹರಿಹಾಯ್ದೆ. ಬ್ರಿಟಿಷರು ಜನಗಣತಿ ಮಾಡುವಾಗ ಎರಡೂ ಕಡೆ ಕೈಮುಗಿಯುವವರನ್ನು ಕಂಡು ತಲೆ ಕೆಡಿಸಿಕೊಂಡು, ಯಾವುದಾದರೂ ಒಂದು ಹೇಳಿ ಎಂದು ಪಟ್ಟು ಹಿಡಿಯುತ್ತಿದ್ದರೆಂದು ಕಾಲೇಜಿನಲ್ಲಿ ಆಗಷ್ಟೇ ಓದಿದ್ದೆ. "ಅವರು ಹೋದರು, ಅವರ ಕಣ್ಣು ಮಾತ್ರ ನಮ್ಮ ಸ್ಟೇಷನ್ನುಗಳಲ್ಲೇ ಉಳೀತು" ಎಂದೆ. ಅಬ್ಬಾ ಟೋಪಿ ಮಡಚುತ್ತಾ, "ಎಲ್ಲಿ ಕೂತರೇನು ಬೇಟಿ, ಹಬ್ಬ ಆಗುತ್ತಲ್ಲ" ಎಂದುಬಿಟ್ಟರು. ಹಬ್ಬವೇನೋ ಆಯಿತು. ತಾತನೇ ಹೊತ್ತರು. ಹಿಂದೆ ಒಂದು ಜೀಪು, ಪಕ್ಕದಲ್ಲಿ ವಿಡಿಯೋ ತೆಗೆಯುವ ಪೇದೆ. ದೇವರ ಮುಂದೆ ನಡೆಯುವಾಗಲೂ ನಮ್ಮವರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡಿದ್ದರು. ನೋಡಲಾಗಲಿಲ್ಲ.

ಮಾರನೆಯ ವರ್ಷ ಹಬ್ಬ ಹತ್ತಿರವಾದಾಗ, ಹುಣಸೆಹಣ್ಣು ಹಾಕಿ ಪಂಜಾ ಬೆಳಗುವ ದಿನ, ತಾತ ನಮ್ಮ ಬಾಗಿಲಿಗೆ ಬಂದರು. ಒಳಗೆ ಬಂದು ಕೂರಲಿಲ್ಲ.

"ಸಾಬ್ರೇ, ಈ ಸಲ ನಿಮ್ಮೋರೇ ಯಾರಾದ್ರೂ ಹೊತ್ಕೊಳ್ಳಿ. ಆ ಸಭೆ ಆದಾಗಿಂದ ಮನೇಲಿ ಹುಡುಗರು ಬಿಡ್ತಿಲ್ಲ. ಪೊಲೀಸ್ನೋರೇ ನಿನ್ನ ಈ ಕಡೆ ಕೂರಿಸಿದಾರೆ, ನೀನ್ಯಾಕ್ ಅದನ್ನ ಹೊರ್ತೀಯ ಅಂತಾರೆ."

"ನಮ್ಮೋರು ಅಂದ್ರೆ ಯಾರಣ್ಣ?" ಎಂದರು ಅಬ್ಬಾ. "ನಾವು ನಿಮ್ಮನ್ನೇ ಅಂದ್ಕೊಂಡಿದ್ವಿ."

ತಾತ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ಮೊದಲ ಸಲ ಅಬ್ಬಾ ಅತ್ತದ್ದನ್ನು ನೋಡಿದೆ. ನೀವೇ ಹೊರಿ ಎಂದು ನಾನು ಹೇಳಿದ್ದಕ್ಕೆ, ಇನ್ನೊಬ್ಬರ ಮನೆಯ ಹರಕೆಯನ್ನು ನಾನು ಹೇಗೆ ಹೊರಲಿ ಎಂದರು. ಪಂಜಾ ಪೆಟ್ಟಿಗೆಯಲ್ಲೇ ಉಳಿಯಿತು. ತಮಟೆಯವರು ಬಂದು, ಸ್ವಲ್ಪ ಹೊತ್ತು ಬಾಬಯ್ಯನ ಗುಡಿಯ ಮುಂದೆ ಕೂತು ಹಾಗೇ ಹೋದರು.

ಹಬ್ಬದ ಕೊನೆಯ ದಿನ ಸಂಜೆ ಜೀಪು ಬಂತು. ಇನ್ಸ್‌ಪೆಕ್ಟರು ಇಳಿದು, ಖುಷಿಯಿಂದಲೇ ಅಬ್ಬಾನ ಕೈ ಕುಲುಕಿದರು.

"ನಿಮ್ಮೂರಲ್ಲಿ ಈ ಸಲ ಹಬ್ಬ ತುಂಬಾ ಶಾಂತವಾಗಿ ನಡೀತು ಸಾಹೇಬ್ರೇ. ಥ್ಯಾಂಕ್ಸ್."

ಅಬ್ಬಾ ಕೈ ಬಿಡಿಸಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಡೀಲೇ ಇಲ್ಲ ಸಾರ್" ಎಂದರು.