ಎಸ್‌ಎಸ್‌ಡಿಯ ಬುಡಕ್ಕೆ ಹಚ್ಚಿದ ಕೆಂಪು ಚುಕ್ಕೆ

ನನ್ನ ಲ್ಯಾಪ್‌ಟಾಪಿನ ಗುಂಡಿ ಒತ್ತಿ ನಾನು ಹಲ್ಲುಜ್ಜಿ, ಚಹಾ ಕುಡಿದು, ಪೇಪರಿನ ನಿಧನ ವಾರ್ತೆಗಳನ್ನು ಮುಗಿಸುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಅದರ ಬಗ್ಗೆ ನನಗೆ ತಕರಾರು ಇರಲಿಲ್ಲ. ಜೀವಮಾನವೆಲ್ಲ ಮಾಸ್ತರಿಕೆ ಮಾಡಿದವನಿಗೆ ನಿಧಾನವಾಗಿ ಎಚ್ಚರಗೊಳ್ಳುವವರ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ಅದು ಒಳಗಿನಿಂದ ಕಟಕಟ ಎನ್ನತೊಡಗಿತು. ಹಲ್ಲಿ ನುಡಿದರೆ ಪಂಚಾಂಗ ನೋಡಬಹುದು. ಇದಕ್ಕೆ ಪಂಚಾಂಗದಲ್ಲಿ ಏನೂ ಬರೆದಿರಲಿಲ್ಲ.

ಅದರೊಳಗೆ ಬೆಲೆಯುಳ್ಳದ್ದು ಒಂದೇ ಒಂದು ಇತ್ತು. ನಮ್ಮ ಕಮಲಾಪುರ ಸೀಮೆಯ ಒಕ್ಕಲುತನದ, ಅಡುಗೆಮನೆಯ, ಜಗಳದ ಮಾತುಗಳ ಪಟ್ಟಿ. ಅಕ್ಕ ಹೇಳಿದ್ದು, ನಾನು ಬೆರಳಚ್ಚು ಮಾಡಿದ್ದು, ಒಂಬತ್ತು ವರ್ಷದ ದುಡಿಮೆ. ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಸೊಸೆಯ ಜೊತೆ ಪಕ್ಕದ ಮನೆಯಲ್ಲೇ ಇರುತ್ತಾಳೆ. ಮೊದಲು ಒಂದು ಮಾತು ಕೇಳಿದರೆ ಹತ್ತು ಹೇಳುತ್ತಿದ್ದವಳು ಈಚೆಗೆ "ಬಾಯಾಗೇ ಅದ, ಬರವಲ್ದು" ಎಂದು ನಿಂತುಬಿಡುತ್ತಾಳೆ. ಪಟ್ಟಿ ಒಮ್ಮೆ ಹೋದರೆ ಮತ್ತೆ ಹೇಳಿಸಿಕೊಳ್ಳುವ ಮಾತಿರಲಿಲ್ಲ.

ಇನ್ನೊಂದು ಪ್ರತಿ ಯಾಕೆ ಮಾಡಿಟ್ಟಿರಲಿಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಹಿಂದೊಮ್ಮೆ ಒಬ್ಬ ವಿದ್ವಾಂಸರು ನನ್ನ ಒಗಟುಗಳ ನೋಟ್‌ಬುಕ್ಕನ್ನು ಓದಿ ಕೊಡುತ್ತೇನೆಂದು ಒಯ್ದರು. ಅವರ ಓದು ಇನ್ನೂ ಮುಗಿದಿಲ್ಲ. ಅಂದಿನಿಂದ ಪ್ರತಿ ಎಂದರೆ ಕಳ್ಳನಿಗೆ ತೆರೆದಿಟ್ಟ ಎರಡನೆಯ ಬಾಗಿಲು ಎಂಬುದು ನನ್ನ ಸಿದ್ಧಾಂತ.

ಕಟಕಟ ಹೆಚ್ಚಾದಾಗ ಲ್ಯಾಪ್‌ಟಾಪನ್ನು ಚೀಲದಲ್ಲಿ ಸುತ್ತಿಕೊಂಡು ಕಲಬುರಗಿಗೆ ಹೋದೆ. ಶಹಾಬಜಾರದ ಓಣಿಯೊಂದರಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಅಂಗಡಿಯವರ ತಂದೆ ಅದೇ ಜಾಗದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮಗ ಕಂಪ್ಯೂಟರಿಗೆ ಬಂದರೂ ಅಪ್ಪನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಅವರು ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೇಳಿದರು.

"ಡಿಸ್ಕ್ ಹೋಗೂ ಹಾದ್ಯಾಗ ಅದರಿ ಮಾಸ್ತರ್. ಒಂದು ತಿಂಗಳು. ಭಾಳ ಅಂದ್ರ ಎರಡು."

"ನಿಮಗ ಹ್ಯಾಂಗ ಗೊತ್ತು?"

"ಆವಾಜ್ ಹೇಳ್ತದಲ್ರಿ."

ನನ್ನ ಎದೆಗೆ ಕೊಳವೆ ಹಚ್ಚಿ ಕೇಳಿದ ಡಾಕ್ಟರು ಕೂಡ ಇಷ್ಟು ಖಚಿತವಾಗಿ ತಾರೀಖು ಕೊಟ್ಟಿರಲಿಲ್ಲ. ಸಾಮಾನು ಮಾರುವವನ ಭವಿಷ್ಯವಾಣಿಯನ್ನು ನಂಬಬಾರದೆಂದು ಮನಸ್ಸು ಹೇಳಿತು. ಅವರು ವಿವರಿಸಿದರು: ಹಳೆಯ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಸವೆಯುತ್ತದೆ. ಎಸ್‌ಎಸ್‌ಡಿ ಎಂಬ ಹೊಸದರಲ್ಲಿ ತಿರುಗುವುದು ಏನೂ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಖಾಲಿ ಜಾಗ ಇದೆ, ಅಲ್ಲಿ ಕೂಡಿಸಿ ಎಲ್ಲವನ್ನೂ ನಕಲು ಮಾಡಿದರೆ ಆಯಿತು.

"ಇಟ್ಟು ಹೋಗ್ರಿ. ಸಂಜಿಗೆ ಬರ್ರಿ," ಎಂದರು.

ಇಟ್ಟು ಹೋಗುವುದು ನಮ್ಮ ಮನೆತನದಲ್ಲಿ ಇಲ್ಲ. ಗಿರಣಿಗೆ ಜೋಳ ಒಯ್ದರೆ, ನಮ್ಮ ಜೋಳ ನಮ್ಮ ಕಣ್ಣೆದುರಿಗೆ ಬಿದ್ದು, ನಮ್ಮ ಹಿಟ್ಟು ನಮ್ಮ ಡಬ್ಬಿಗೆ ಇಳಿಯುವವರೆಗೆ ಅಲ್ಲಿಂದ ಕದಲಕೂಡದು. ಅವ್ವ ಹಾಕಿಕೊಟ್ಟ ಕಾನೂನು ಇದು. ನಡುವೆ ಚಹಾಕ್ಕೆ ಎದ್ದು ಹೋದ ನಮ್ಮ ಕಾಕಾ ಒಬ್ಬರು ಮೆಣಸಿನಕಾಯಿ ಬೀಸಿದ ಮೇಲಿನ ಹಿಟ್ಟು ತಂದು ಮನೆಮಂದಿಯನ್ನೆಲ್ಲ ಅಳಿಸಿದ್ದು ಇತಿಹಾಸ.

"ಸಾಮಾನು ಕೊಡ್ರಿ. ನಾನೇ ಕೂಡಿಸ್ಕೋತೀನಿ," ಎಂದೆ.

"ಮೊದ್ಲ ಯಾವಾಗರ ಬಿಚ್ಚೀರೇನ್ರಿ?"

"ರೇಡಿಯೋ ಬಿಚ್ಚೀನಿ."

"ಮತ್ತ ಮುಚ್ಚೀರಿ?"

ಈ ಪ್ರಶ್ನೆಯನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅವರು ನಕ್ಕು, ಹೇಗೆ ಕೂಡಿಸಬೇಕೆಂದು ತೋರಿಸಿ, "ಮೊದ್ಲ ಆ ಪಟ್ಟಿ ಒಂದು ಪೆನ್‌ಡ್ರೈವ್‌ದಾಗ ಹಾಕಿಡ್ರಿ" ಎಂದರು. ಪೆನ್‌ಡ್ರೈವನ್ನೂ ಅವರೇ ಮಾರುತ್ತಿದ್ದುದನ್ನು ನಾನು ಗಮನಿಸಿದೆ, ಕೊಳ್ಳಲಿಲ್ಲ.

ಕೊಡುವ ಮುಂಚೆ ಅವರು ಎಸ್‌ಎಸ್‌ಡಿಯನ್ನು ಅದರ ನಂಬರು ಕಾಣುವಂತೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರು.

"ಇದ್ಯಾಕ್ರಿ?"

"ಕೆಲವ್ರು ಹೊಸಾದು ಒಯ್ದು ಹಳೇದು ವಾಪಸ್ ತರ್ತಾರ್ರಿ."

"ನಾನು ಹಂಗ ಕಾಣ್ತೀನೇನು?"

"ನೀವು ಅಂದಿಲ್ರಿ ಮಾಸ್ತರ್. ಕೆಲವ್ರು ಅಂದೀನಿ."

ಬಸ್ಸಿನಲ್ಲಿ ಅದನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲೊಂದು ಕೈ ಒತ್ತಿ ಕೂತಿದ್ದೆ. ಮಹಾಗಾಂವದಲ್ಲಿ ಹತ್ತಿದವನೊಬ್ಬ ನನ್ನನ್ನೇ ನೋಡಿ, "ಎದಿನೋವು ಏನ್ರಿ?" ಎಂದು ಕಿಟಕಿಯ ಬದಿ ಜಾಗ ಬಿಟ್ಟುಕೊಟ್ಟ. ಅವನ ಈ ಒಳ್ಳೆಯತನವೂ ನನಗೆ ಸರಿಬರಲಿಲ್ಲ. ಇಳಿಯುವವರೆಗೆ ಕೈ ತೆಗೆಯಲಿಲ್ಲ.

ಅಕ್ಕ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. "ಹುಣಸಿಕಾಯಿ ಅಷ್ಟೂ ಇಲ್ಲ. ಇದರಾಗ ನಾ ಹೇಳಿದ್ದೆಲ್ಲಾ ಹಿಡಿಸ್ತದೇನು?"

"ಹಿಡಿಸಿ ಉಳೀತದ."

"ಮುಂದ ಅಂವ ಬದಲಿ ಮಾಡಿದ್ರ? ನಾಳಿ ನೀ ಮತ್ತ ಅಂಗಡಿಗೆ ಒಯ್ದಾಗ ಇದು ನಮ್ದೇ ಅಂತ ಹ್ಯಾಂಗ ಹೇಳ್ತಿ? ಮೊದ್ಲ ಗುರ್ತು ಹಚ್ಚು."

ಇದರಲ್ಲಿ ತಥ್ಯವಿತ್ತು. ನಮ್ಮ ಕಡೆ ಮದುವೆಗೆ ಮನೆಮನೆಯ ಪಾತ್ರೆ ಕೂಡಿಸುತ್ತಾರೆ. ಬೆರೆತು ಹೋಗಬಾರದೆಂದು ಒಂದೊಂದು ಮನೆಗೆ ಒಂದೊಂದು ಬಣ್ಣದ ಗುರುತು. ನಮ್ಮದು ಕೆಂಪು ಚುಕ್ಕೆ. ಅದನ್ನು ಹಚ್ಚುವುದು ಪಾತ್ರೆಯ ಬುಡಕ್ಕೆ. ಕದಿಯುವವನ ಕಣ್ಣಿಗೆ ಬೀಳಬಾರದು, ಒಡೆಯನಿಗೆ ಮಾತ್ರ ಗೊತ್ತಿರಬೇಕು. ಎಸ್‌ಎಸ್‌ಡಿಯ ಬುಡ ಯಾವುದು? ನಾವಿಬ್ಬರೂ ಕೂತು ವಿಚಾರ ಮಾಡಿದೆವು. ಒಂದು ತುದಿಯಲ್ಲಿ ಬಂಗಾರದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳಿದ್ದವು. ಆ ತುದಿ ಒಳಗೆ ಹೋಗಿ ಕೂಡುತ್ತದೆ, ಕೂತ ಮೇಲೆ ಯಾರಿಗೂ ಕಾಣುವುದಿಲ್ಲ. ಅದಕ್ಕಿಂತ ಒಳ್ಳೆಯ ಬುಡ ಯಾವ ಕೊಡಕ್ಕೂ ಇರಲಾರದು. ಸೊಸೆಯ ಉಗುರುಬಣ್ಣದ ಶೀಶೆ ತರಿಸಿ ಅಕ್ಕ ತನ್ನ ಕೈಯಾರೆ ಚುಕ್ಕೆ ಇಟ್ಟಳು. ಚುಕ್ಕೆ ತುಸು ದೊಡ್ಡದೇ ಆಯಿತು.

ಒಣಗಿದ ಮೇಲೆ ಕೆಲಸಕ್ಕೆ ಕೂತೆ. ಚಾರ್ಜರ್ ಕಿತ್ತೆ. ಹಿಂಬದಿಯ ತಿರುಪುಗಳನ್ನು ಬಿಚ್ಚಿ, ಯಾವುದು ಎಲ್ಲಿಯದೆಂದು ತಿಳಿಯಲು ಅದೇ ನಕ್ಷೆಯಂತೆ ತಾಟಿನಲ್ಲಿ ಜೋಡಿಸಿದೆ. ಮುಚ್ಚಳ ಏಳುವಾಗ ಎಲುಬು ಮುರಿದಂತೆ ಸಪ್ಪಳವಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಬ್ಯಾಟರಿಯ ಕೊಂಡಿ ಬಿಡಿಸಿ, ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಸಾಸಿವೆಯಷ್ಟು ಸಣ್ಣ ತಿರುಪು ಹಾಕಿದೆ. ತಾಟಿನಲ್ಲಿ ಒಂದು ತಿರುಪೂ ಉಳಿಯಲಿಲ್ಲ. ರೇಡಿಯೋದ ಅಪಕೀರ್ತಿ ತೊಳೆದುಹೋಯಿತೆಂದು ಬೀಗಿದೆ.

ಲ್ಯಾಪ್‌ಟಾಪು ಎಂದಿನಂತೆ ತೆವಳುತ್ತ ತೆರೆಯಿತು. ಹೊಸ ಡಿಸ್ಕು ಎಲ್ಲೂ ಕಾಣಲಿಲ್ಲ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮತ್ತೆ ಬಿಚ್ಚಿ ಕೂಡಿಸಿದೆ. ಇಲ್ಲ. ಒಳಗಿನ ಕಟಕಟ ಮಾತ್ರ ಮೊದಲಿಗಿಂತ ಬಿರುಸಾಗಿತ್ತು.

"ನಾ ಹೇಳ್ಲಿಲ್ಲಾ?" ಎಂದಳು ಅಕ್ಕ. "ಸತ್ತದ್ದು ಕೊಟ್ಟಾನ. ನಾಳಿ ನಾನೂ ಬರ್ತೀನಿ. ಜೋಳ ನಂದು."

ಮರುದಿನ ಅಂಗಡಿಯ ಸ್ಟೂಲಿನ ಮೇಲೆ ಅಕ್ಕ ಗಿರಣಿಯ ಮುಂದೆ ಕೂತ ಹಾಗೆಯೇ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣವನ್ನು ನಾನು ಆರಂಭಿಸಿದೆ. ವ್ಯಾಪಾರ ಎಂದರೆ ನಂಬಿಕೆ, ನಂಬಿಕೆ ಎಂದರೆ ಇತ್ಯಾದಿ. ಅಂಗಡಿಯವರು ತಕರಾರು ಮಾಡದೆ ಮುಚ್ಚಳ ತೆಗೆದು, ಎಸ್‌ಎಸ್‌ಡಿಯನ್ನು ಹೊರಗೆಳೆದು, ಭೂತಗನ್ನಡಿ ಸಿಕ್ಕಿಸಿಕೊಂಡರು. ಮೊಬೈಲಿನ ಫೋಟೋ ಜೊತೆ ನಂಬರು ತಾಳೆ ನೋಡಿದರು. ಹಿಂದೆ ತಿರುವಿದರು.

"ಮಾಸ್ತರ್. ಈ ಕೆಂಪು ಏನ್ರಿ?"

ನನ್ನ ಭಾಷಣ ನಂಬಿಕೆಯ ಎರಡನೆಯ ಭಾಗದಲ್ಲೇ ನಿಂತಿತು. ಉತ್ತರ ಕೊಟ್ಟವಳು ಅಕ್ಕ. "ಗುರ್ತು ಅಪಾ. ನೀ ಬದಲಿ ಮಾಡಬಾರ್ದಂತ."

"ಅವ್ವಾರ, ಇದು ಅದರ ಬಾಯಿರಿ. ಬಾಯಿಗೆ ಬಣ್ಣ ಬಳ್ದು ಮಾತಾಡು ಅಂದ್ರ ಹ್ಯಾಂಗ ಮಾತಾಡ್ತದ?"

"ಬುಡ ಅಂದ್ಕೊಂಡ್ವಿ."

ಅವರು ನಗುತ್ತಾರೆಂದು ಕಾದೆ. ನಗಲಿಲ್ಲ. "ನಮ್ಮ ಅಬ್ಬಾನ ಹಂತೇಲಿ ಬರೂ ಮಂದಿ ಗಡಿಯಾರದ ಒಳಗ ಸೂಜೀಲೆ ಹೆಸರು ಗೀರಿ ತರ್ತಿದ್ರು," ಎಂದರು. "ನೀವು ಅವರಕಿಂತ ಕಡಿಮಿನೇ ಮಾಡೀರಿ." ಉಗುರುಬಣ್ಣ ಕರಗಿಸುವ ದ್ರವವನ್ನು ಎದುರಿನ ಬಳೆ ಅಂಗಡಿಯಿಂದ ತರಿಸಿ, ಕಡ್ಡಿಗೆ ಹತ್ತಿ ಸುತ್ತಿ ಒರೆಸಿ, ಕೊನೆಗೆ ಶಾಲೆಯ ರಬ್ಬರಿನಿಂದ ಮೆಲ್ಲಗೆ ತಿಕ್ಕಿದರು. ಆರಿದ ಮೇಲೆ ಕೂಡಿಸಿದಾಗ ಹೊಸ ಡಿಸ್ಕು ಪರದೆಯ ಮೇಲೆ ತಾನಾಗಿ ಹಾಜರಾಯಿತು.

ನಕಲು ಶುರುವಾಯಿತು. ಹಸಿರು ಗೆರೆ ಅರ್ಧಕ್ಕೆ ಬಂದು ನಿಂತಿತು. ಹಳೆಯ ಡಿಸ್ಕು ಕಟಕಟ, ಕಟಕಟ ಎಂದು ಸುಮ್ಮನಾಯಿತು. ಅಂಗಡಿಯವರು ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಈಗ ಮುಟ್ಟಬಾರ್ದು," ಎಂದರು. ಪೆನ್‌ಡ್ರೈವಿನ ಮಾತನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಒಂಬತ್ತು ವರ್ಷ ಆ ಗೆರೆಯ ತುದಿಯಲ್ಲಿ ನಿಂತಿತ್ತು. ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಓಣಿಯಲ್ಲಿ ಎರಡು ಆಟೋ ಎದುರುಬದುರಾಗಿ ಸಿಕ್ಕಿಕೊಂಡು, ಬೈದಾಡಿ, ಬಿಡಿಸಿಕೊಂಡು ಹೋದವು. ಆಮೇಲೆ ಗೆರೆ ಮತ್ತೆ ಹರಿಯಿತು.

ಮುಗಿದ ಮೇಲೆ ಅಕ್ಕ ಸುಲಭಕ್ಕೆ ಏಳಲಿಲ್ಲ. "ಓದು. ಎಲ್ಲಾ ಬಂದದೋ ಇಲ್ಲೋ ನೋಡೋಣ." ಹೊಸ ಡಿಸ್ಕಿನಿಂದ ಪಟ್ಟಿ ತೆರೆದು ಅಲ್ಲೊಂದು ಇಲ್ಲೊಂದು ಓದಿದೆ. ಅವಳು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದಳು. ಕೊನೆಯ ಪುಟದ ಹತ್ತಿರ ಬಂದೆ. "ಹಗೇವು. ನೆಲದಾಗ ತೋಡಿ ಜೋಳ ತುಂಬಿ ಬಾಯಿ ಮುಚ್ಚೂ ಕುಣಿ. ಬಾಯಿ ತೆಗೆದ ಕೂಡ್ಲೆ ಇಳೀಬಾರ್ದು. ಮೊದ್ಲ ದೀಪ ಇಳಿಬಿಡಬೇಕು. ದೀಪ ಉಳದ್ರ ಮನಿಷಾ ಉಳೀತಾನ."

ಅಕ್ಕ ಕಣ್ಣು ತೆರೆದಳು. "ಚೊಲೋ ಅದ. ಇದು ಯಾರು ಹೇಳಿದ್ರು?"

"ನೀನೇ ಹೇಳೀದಿ ಅಕ್ಕಾ."

ಅವಳು ನನ್ನನ್ನು ನೋಡಿ, ಪರದೆಯನ್ನು ನೋಡಿ, ಅಂಗಡಿಯವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಇಂವ ಸೇರ್ಸಿಲ್ಲಲ್ಲಾ?"

"ನನಗ ಅಷ್ಟು ಅಕಲ್ ಎಲ್ಲಿರಿ ಅವ್ವಾರ," ಎಂದರು ಅವರು.

ಹಳೆಯ ಡಿಸ್ಕು ಮೂರು ವಾರ ಬದುಕಿತ್ತು. ಅದು ತೀರಿಕೊಂಡ ದಿನ ಅಕ್ಕನಿಗೆ ತಿಳಿಸಿದೆ. "ಅಂವಗ ಮೊದ್ಲ ಹ್ಯಾಂಗ ಗೊತ್ತಿತ್ತು?" ಎಂದು ಅವಳು ಕೇಳಿದ್ದು ಈಗಲೂ ಬಗೆಹರಿದಿಲ್ಲ. ಆದರೂ ಮುಂದಿನ ವಾರ ಪಟ್ಟಿಯನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಈ ಸಲ ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಚುಕ್ಕೆ ಇಟ್ಟು, ಶಹಾಬಜಾರಕ್ಕೆ ಹೋದೆ.

"ಇದು ನಿಮ್ಮ ಹಂತೇಲಿ ಇರ್ಲಿ. ಇಟ್ಟು ಹೋಗ್ತೀನಿ," ಎಂದೆ.

ಅವರು ಅದನ್ನು ತಿರುವಿ ತಿರುವಿ ನೋಡಿ, ಚುಕ್ಕೆ ಕಾಣುವಂತೆ ಹಿಡಿದು ಫೋಟೋ ತೆಗೆದುಕೊಂಡು, ಅಪ್ಪನ ಮೇಜಿನ ಡ್ರಾವರಿನಲ್ಲಿ ಹಾಕಿ ಬೀಗ ಹಾಕಿದರು. ಆ ಬೀಗದ ಫೋಟೋ ನಾನೂ ಒಂದು ತೆಗೆದುಕೊಂಡೆ.