ಹಳದಿ ಜಿಲ್ಲೆ

ಫಿಲಡೆಲ್ಫಿಯಾದ ನಕ್ಷೆ ಕಾರ್ಖಾನೆಯಲ್ಲಿ ಹೆಪ್ಸಿ ಕ್ರೋವೆಲ್‌ಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಎಲ್ಲರಿಗೂ ‘ಗುಲಾಬಿ’. ಅಲ್ಲಿನ ಪದ್ಧತಿಯೇ ಹಾಗೆ. ಕಪ್ಪು ಗೆರೆಗಳಲ್ಲಿ ಅಚ್ಚಾದ ರಾಜ್ಯದ ಹಾಳೆ ಉದ್ದನೆಯ ಮೇಜಿನ ಮೇಲೆ ಕೈಯಿಂದ ಕೈಗೆ ಸಾಗಬೇಕು, ಒಬ್ಬೊಬ್ಬ ಹೆಂಗಸು ತನ್ನ ಪಾಲಿನ ಜಿಲ್ಲೆಗಳಿಗೆ ತನ್ನ ಒಂದೇ ಬಣ್ಣ ಬಳಿಯಬೇಕು. ಮದುವೆಯಾಗಿ, ವಿಧವೆಯಾಗಿ, ಮಗನನ್ನು ಬೆಳೆಸುವಷ್ಟೂ ಕಾಲ ಹೆಪ್ಸಿ ಬಳಿದದ್ದು ಗುಲಾಬಿಯನ್ನೇ. ಪಾಪ, ಅವಳ ಬಾಳಿನಲ್ಲಿ ಗುಲಾಬಿ ಅಂತ ಇದ್ದದ್ದು ಅದೊಂದೇ.

ದೇಶ ಎರಡಾಗಿ ಕಾದಾಡಿದಾಗ ಮಗ ಜೋಥಮ್ ಯುದ್ಧಕ್ಕೆ ಹೋದ, ತಿರುಗಿ ಬರಲಿಲ್ಲ. ಕಾಲು ಕಳೆದುಕೊಂಡು ಬಂದ ಅವನ ಜೊತೆಗಾರ, ವರ್ಜೀನಿಯಾದಲ್ಲೆಲ್ಲೋ ರಸ್ತೆ ಪಕ್ಕ ಹೂತೆವು, ಗುರುತು ಇಡಲಾಗಲಿಲ್ಲ ಎಂದು ಹೇಳಿ, ಜಿಲ್ಲೆಯ ಹೆಸರನ್ನಷ್ಟೇ ಕೊಟ್ಟು ಹೋದ. ಕಾಳಗವೆಲ್ಲ ಅಲ್ಲೇ ನಡೆಯುತ್ತಿದ್ದುದರಿಂದ ಆಗ ಎಲ್ಲರಿಗೂ ವರ್ಜೀನಿಯಾದ ನಕ್ಷೆಯೇ ಬೇಕಾಗಿತ್ತು. ಆ ಹೆಸರು ದಿನವಿಡೀ ಹೆಪ್ಸಿಯ ಕಣ್ಣೆದುರು ಹಾದು ಪಕ್ಕದಲ್ಲಿ ಕೂರುವ ನೋರಾಳ ಕೈಗೆ ಹೋಗುತ್ತಿತ್ತು. ಅದು ಹಳದಿ ಜಿಲ್ಲೆ, ಹಳದಿ ನೋರಾಳದು. ಮಗನಿಗೆ ಹಿಡಿ ಮಣ್ಣು ಹಾಕಲೂ ಆಗದ ತಾಯಿಗೆ ಆ ನೆಲವನ್ನು ತಾನೇ ಮುಟ್ಟಬೇಕೆಂಬ ಆಸೆ ಹುಟ್ಟಿತು.

“ಅದೊಂದು ನಂಗೆ ಬಿಡೇ ನೋರಾ.”

“ಅದರ ಪಕ್ಕದ್ದೂ ನಿಂದೇ ಅಲ್ವೇನೇ ಗುಲಾಬಿ? ಎರಡೂ ಒಂದಾದ್ರೆ ಗಡಿ ಎಲ್ಲಿ ಕಾಣತ್ತೆ? ಮೇಸ್ತ್ರಿ ನಮ್ಮ ಚರ್ಮ ಸುಲೀತಾನೆ.”

ಆದರೂ ಒಂದು ಹಾಳೆಯಲ್ಲಿ ಹೆಪ್ಸಿ ಆ ಜಿಲ್ಲೆಗೂ ಗುಲಾಬಿ ಬಳಿದೇಬಿಟ್ಟಳು. ಮೇಸ್ತ್ರಿ ವಿಟ್ಲಾಕ್ ಅದನ್ನು ಬೆಳಕಿಗೆ ಹಿಡಿದ.

“ಏನಮ್ಮಾ ಇದು, ಒಂದು ಜಿಲ್ಲೇನೇ ನುಂಗಿಬಿಟ್ರಲ್ಲ. ಕಣ್ಣು ಮಂಜಾಯ್ತಾ?”

“ಅವಳ ಮಗ ಅಲ್ಲಿ ಮಲಗಿದಾನೆ ಸ್ವಾಮಿ,” ಅಂದಳು ನೋರಾ.

ವಿಟ್ಲಾಕ್ ಸಿಡುಕ ನಿಜ, ಕಲ್ಲೆದೆಯವನಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, “ನಾಳೆಯಿಂದ ಇಬ್ರೂ ಬಣ್ಣ ಬದಲಾಯಿಸ್ಕೊಳ್ಳಿ. ಹಳದಿ ನೀವೇ ಹಚ್ಚಿ,” ಎಂದು ಹೋದ.

ಮರುದಿನ ಮೊದಲ ಹಾಳೆಯಲ್ಲಿ ಆ ಜಿಲ್ಲೆಗೆ ಬಂದಾಗ ಹೆಪ್ಸಿ ಕುಂಚವನ್ನು ಹೂವಿನಷ್ಟು ಮೆತ್ತಗೆ ಇಳಿಸಿದಳು. ಮಗುವಿಗೆ ಹೊದಿಕೆ ಎಳೆದಂತೆ ಅಂಚಿನಿಂದ ಅಂಚಿಗೆ ಹಳದಿ ಹರಡಿ, ಮಗನ ಹೆಸರು ಮೆಲ್ಲನೆ ಉಸುರಿದಳು. ಎರಡನೆಯದಕ್ಕೂ ಹಾಗೆಯೇ. ಅಷ್ಟರಲ್ಲಿ ಹಾಳೆಗಳು ರಾಶಿ ಬಿದ್ದವು, ಮುಂದೆ ಕೂತ ಹಸಿರಿನವಳು ಗೊಣಗತೊಡಗಿದಳು, ಹೆಪ್ಸಿಯ ಕೈ ತನ್ನ ಹಳೆಯ ವೇಗಕ್ಕೆ ಮರಳಿತು.

ಸಂಜೆ ಕುಂಚ ತೊಳೆಯುತ್ತಾ ನೋರಾ ಕೇಳಿದಳು: “ಇವತ್ತೆಲ್ಲಾ ಅವನ ಜೊತೇಲೇ ಇದ್ದೆಯಲ್ಲ, ಮನಸ್ಸು ಹಗುರಾಯ್ತೇನೇ?”

ಹೆಪ್ಸಿ ಒಣಗಲು ಹಾಕಿದ ಹಾಳೆಗಳನ್ನು ನೋಡಿದಳು. ಎಲ್ಲದರಲ್ಲೂ ಆ ಜಿಲ್ಲೆ ಅಚ್ಚುಕಟ್ಟಾಗಿ ಹಳದಿಯಾಗಿತ್ತು.

“ಮಧ್ಯಾಹ್ನದ ಮೇಲೆ ಒಂದ್ಸಲಾನೂ ಅವನ ನೆನಪಾಗ್ಲಿಲ್ಲ ಕಣೇ,” ಅಂದಳು. “ಬರೀ ಹಳದಿ ಹಚ್ಕೊಂಡು ಕೂತಿದ್ದೆ.”