ಡ್ರೈವಿನ ಕೆಳಗಿನ ಕೈ

ಸುಮತಿಯಕ್ಕ, ನಿಮ್ಮ ಕಾಗದ ಜಗನ್ನಾಥಣ್ಣನ ಕಣ್ಣಿಗೆ ಬೀಳುವಂತೆ ಮಾಡಿದವನು ನಾನು. ನೀವು ಬೇಕೆಂದು ತೋರಿಸಿದ್ದಲ್ಲ, ಅವರು ಕದ್ದು ಓದಿದ್ದೂ ಅಲ್ಲ. ಅಣ್ಣತಂಗಿ ಮಾತು ಬಿಟ್ಟು ಆರು ವರ್ಷವಾಯಿತು — ಅಷ್ಟೂ ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅದು ಫ್ಲಾಪಿಯ ಕಾಲ. ಬೆಳುವಾಯಿಯ ಮನೆಯಲ್ಲಿ ಕೆಳಗೆ ಅಣ್ಣ ಮದುವೆ ಕಾಗದ ಅಚ್ಚು ಮಾಡುತ್ತಿದ್ದರು, ಮಾಳಿಗೆಯಲ್ಲಿ ನೀವು ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದಿರಿ. ಪ್ರಿಂಟರ್ ಒಂದೇ, ಅದು ಕೆಳಗೆ. ಫ್ಲಾಪಿ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಎರಡು ಕಂಪ್ಯೂಟರನ್ನೂ ಜೋಡಿಸಲು ಗುರುವಾಯನಕೆರೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನನ್ನನ್ನು ಕರೆಸಿದಿರಿ.

ಕೇಬಲ್ ಎಳೆದದ್ದಾಯಿತು. ನಿಮ್ಮದರಲ್ಲಿ ಅಣ್ಣನ ಕಂಪ್ಯೂಟರ್ ಕಾಣುತ್ತಿತ್ತು, ಅಣ್ಣನದರಲ್ಲಿ ನಿಮ್ಮದು ಕಾಣುತ್ತಿರಲಿಲ್ಲ. ಎರಡಕ್ಕೂ ಒಂದೇ ಗುಂಪಿನ ಹೆಸರು ಕೊಟ್ಟೆ, ಆಗಲಿಲ್ಲ. ಊಟದ ಹೊತ್ತು ದಾಟಿದ ಮೇಲೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ನಿಮ್ಮದರಲ್ಲಿ ಅಡ್ಡ ನಿಂತದ್ದು ಗೊತ್ತಾಯಿತು. ಅದನ್ನು ತೆಗೆದೆ, ಹೆಸರು ಕಾಣಿಸಿತು. ಇನ್ನು ಉಳಿದದ್ದು ಐದು ನಿಮಿಷದ ಕೆಲಸ — ಬೇರೆ ಒಂದು ಫೋಲ್ಡರ್ ಮಾಡಿ, ಅಣ್ಣನಿಗೆ ಕೊಡಬೇಕಾದದ್ದನ್ನು ಅದರಲ್ಲಿಟ್ಟು, ಅದನ್ನು ಮಾತ್ರ ಶೇರ್ ಮಾಡುವುದು. ನಾನು ಹಾಗೆ ಮಾಡಲಿಲ್ಲ. ನೀವು ಬರೆದದ್ದೆಲ್ಲ ಇದ್ದ ಇಡೀ ಡಿ ಡ್ರೈವನ್ನೇ ಅಣ್ಣನಿಗೆ ತೆರೆದಿಟ್ಟೆ. ಮೂಡಬಿದ್ರೆಯ ಬಸ್ಸಿಗೆ ಹೊತ್ತಾಗಿತ್ತು — ಅದು ತಪ್ಪಿದ್ದರೆ ಹಿಂದೆಯೇ ಇನ್ನೊಂದು ಬಸ್ಸಿತ್ತು.

ಡ್ರೈವಿನ ಚಿತ್ರದ ಕೆಳಗೆ ಒಂದು ಕೈ ಮೂಡಿತು, ಏನನ್ನೋ ನೀಡುವ ಹಾಗೆ ಚಾಚಿದ ಕೈ. ನೀವು ಅದನ್ನು ನೋಡಿ, ನನ್ನದರಲ್ಲಿ ಇರುವುದೆಲ್ಲ ಅಣ್ಣನಿಗೆ ಕಾಣ್ತದಾ ಎಂದು ಕೇಳಿದಿರಿ. ಚೀಲ ಹೆಗಲಿಗೇರಿಸುತ್ತಾ, ದೊಡ್ಡ ಇಂಜಿನಿಯರನ ಗತ್ತಿನಲ್ಲಿ, ನೀವು ಕೊಟ್ಟದ್ದು ಮಾತ್ರ ಕಾಣ್ತದೆ ಅಕ್ಕ ಎಂದೆ. ನೀವು ನಂಬಿದಿರಿ. ನಂಬಿ, ಬಹರೈನಿನಲ್ಲಿದ್ದ ನಿಮ್ಮ ಯಜಮಾನರಿಗೆ ಬರೆಯುವ ಕಾಗದಗಳನ್ನು ಅಲ್ಲೇ ಇಡುತ್ತಾ ಹೋದಿರಿ.

ಒಂದು ತಿಂಗಳಾಗಿರಬಹುದು, ಜಗನ್ನಾಥಣ್ಣ ನನ್ನ ಅಂಗಡಿಗೆ ಬಂದರು. ಕೂರಲಿಲ್ಲ. ಪ್ರಶ್ನೆಪತ್ರಿಕೆ ಹುಡುಕುವಾಗ ನಿಮ್ಮ ಕಾಗದ ಸಿಕ್ಕಿತಂತೆ. ಹುಟ್ಟಿದ ಮನೆಯಲ್ಲೇ ನಾನು ನೆಂಟಳ ಹಾಗೆ ಇದ್ದೇನೆ, ಅತ್ತಿಗೆ ಆಡುವ ಮಾತೆಲ್ಲ ಅಣ್ಣನಿಗೆ ಗೊತ್ತುಂಟು, ಗೊತ್ತಿಲ್ಲದವರ ಹಾಗೆ ಇರ್ತಾರೆ — ಹೀಗೆ ಬರೆದಿದ್ದಿರಂತೆ. ಆಮೇಲೆ ಕೇಳಿದರು:

"ಅವಳು ಕೊಡದೆ ಅವಳದ್ದು ನನಗೆ ಕಾಣ್ತದಾ?"

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನ್ನಿಂದ ತಪ್ಪಾಗಿದೆ ಎಂದು ಆಗಲೇ ಹೇಳಬಹುದಿತ್ತು — ನಾಲ್ಕು ಜನ ನಗುತ್ತಿದ್ದರೋ ಏನೋ, ಅಷ್ಟೇ.

"ಇಲ್ಲ ಅಣ್ಣ, ಅವರು ಕೊಡದೆ ಕಾಣುದಿಲ್ಲ."

"ಹಾಗಾದ್ರೆ ನಾನು ಓದ್ಲಿ ಅಂತಲೇ ಇಟ್ಟದ್ದು. ಮುಖ ನೋಡಿ ಹೇಳಬಹುದಿತ್ತು ಮಾರಾಯ, ನಾನು ಕೇಳ್ತಿದ್ದೆ."

ಅವರು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ನಿಂತೆ. ಕರೆಯಬೇಕೆಂದುಕೊಂಡೆ — ಕರೆಯಲಿಲ್ಲ.

ಆ ಕಾಗದವೇ ಮನೆಯಲ್ಲಿ ಜಗಳವಾಗಿ, ನೀವು ಮಗಳನ್ನು ಕರಕೊಂಡು ಬಂಟ್ವಾಳದ ಬಾಡಿಗೆ ಮನೆಗೆ ಹೋದಿರಿ. ಅಲ್ಲಿ ಕಂಪ್ಯೂಟರ್ ಕೂರಿಸಲು ಕರೆದದ್ದೂ ನನ್ನನ್ನೇ. ನೀವು, ನಾನಿಲ್ಲದಾಗ ಮಾಳಿಗೆಗೆ ಹತ್ತಿ ನನ್ನ ಕಂಪ್ಯೂಟರ್ ತೆರೆದಿದ್ದಾರೆ, ಅಣ್ಣ ಇಂಥವರು ಅಂತ ಗೊತ್ತಿರಲಿಲ್ಲ ಎಂದಿರಿ. ಯಂತ್ರ ಚಾಲೂ ಮಾಡಿದೆ. ಡಿ ಡ್ರೈವಿನ ಕೆಳಗೆ ಆ ಕೈ ಇನ್ನೂ ಚಾಚಿಕೊಂಡೇ ಇತ್ತು. ನೀವು ಚಾ ತರಲು ಒಳಗೆ ಹೋದಿರಿ. ಬರುವುದರೊಳಗೆ ಆ ಗುರುತನ್ನು ಅಳಿಸಿದೆ. ಡ್ರೈವ್ ತೆರೆದಿಟ್ಟದ್ದು ಉದಾಸೀನ, ಅಣ್ಣನಿಗೆ ಸುಳ್ಳು ಹೇಳಿದ್ದು ಹೇಡಿತನ ಎನ್ನಬಹುದೇನೋ. ಇದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ಅಳಿಸಿ, ನೀವು ಕೊಟ್ಟ ಚಾ ಕುಡಿದೆ.

ಕಳೆದ ವಾರ ನಿಮ್ಮ ಮಗಳ ಮದುವೆ ಕಾಗದ ಬಂತು. ನನ್ನ ಹೆಸರನ್ನು ನೀವೇ ಕೈಯಾರೆ ಬರೆದು, ತಪ್ಪದೆ ಬರಬೇಕು ಎಂದು ಕೆಳಗೆ ಸೇರಿಸಿದ್ದೀರಿ. ತಿರುಗಿಸಿ ಮುರುಗಿಸಿ ನೋಡಿದೆ. ಸೋದರಮಾವನ ಹೆಸರು ಎಲ್ಲೂ ಇಲ್ಲ. ನಮ್ಮ ಕಡೆ ಮಾವನ ಹೆಸರಿಲ್ಲದ ಮದುವೆ ಕಾಗದವನ್ನು ನಾನು ಕಂಡದ್ದಿಲ್ಲ. ಊರಿನವರ ಕಾಗದವನ್ನೆಲ್ಲ ಅಚ್ಚು ಹಾಕುವವರು ಅವರು — ಸೊಸೆಯ ಮದುವೆಯ ಸುದ್ದಿ ಬೇರೆ ಯಾರ ಬಾಯಿಂದಲೋ ಕೇಳಿರಬೇಕು. ನನಗೆ ಅಳು ಬಂತು. ಅದರಿಂದ ನಿಮಗೇನೂ ಉಪಯೋಗವಿಲ್ಲ.

ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಇದನ್ನು ಎರಡು ಪ್ರತಿ ಬರೆದಿದ್ದೇನೆ, ಒಂದಕ್ಷರವೂ ಬೇರೆಯಿಲ್ಲ. ನಿಮ್ಮದು ಅಂಚೆಯಲ್ಲಿ ಬರುತ್ತದೆ. ಇನ್ನೊಂದನ್ನು ನಾಳೆ ಬೆಳಿಗ್ಗೆ ಬೆಳುವಾಯಿಗೆ ನಾನೇ ಒಯ್ಯುತ್ತೇನೆ, ಅಣ್ಣ ಓದಿ ಮುಗಿಸುವವರೆಗೂ ಎದುರಿಗೇ ನಿಲ್ಲುತ್ತೇನೆ. ಮದುವೆಗೆ ಇನ್ನೂ ಹನ್ನೊಂದು ದಿನ ಉಂಟು ಅಕ್ಕ. ನಾನು ಬರುವುದಿಲ್ಲ. ನೀವು ಅವರನ್ನು ಕರೆಯಿರಿ.